ನಡೆದು ಬಂದ ಮಗುವಿಗೊಂದು ಮುದ್ರೆ

ಜುಲೈ ತಿಂಗಳ ಸಂಜೆ. ಮೂರು ದಿನ ಬಿಡದೆ ಸುರಿದ ಮಳೆ ಹೊಳವಾಗಿತ್ತು. ಶಿರಸಿಯ ದೇವಿಕೆರೆಯ ಬದಿಗೆ ಇಬ್ಬರು ಮಾತಾಡುತ್ತ ಹೆಜ್ಜೆ ಹಾಕುತ್ತಿದ್ದರು. ಒಬ್ಬರು, ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿ ನಿವೃತ್ತರಾದ ಅಕ್ಕೋರು. ಇನ್ನೊಬ್ಬ, ಅವರ ಕೈಯಲ್ಲಿ ಕಲಿತು ಈಗ ಪೇಟೆಯ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರನಾಗಿರುವವನು. ಅವನ ಕಿಸೆಯಲ್ಲಿ ಅಂಗೈಯಗಲದ ಹಳದಿ ರಟ್ಟಿನ ಕಾರ್ಡು. ಮುಂದಿನ ತಿಂಗಳಿನಿಂದ ಮಕ್ಕಳಿಗೆ ಹಂಚಬೇಕೆಂದು ತಯಾರಿಸಿದ ಮಾದರಿ ಅದು. ಅಚ್ಚಿಗೆ ಕೊಡುವ ಮೊದಲು ಅಕ್ಕೋರ ಕಣ್ಣಿಗೊಮ್ಮೆ ಬೀಳಲಿ ಎಂದು ತಂದಿದ್ದ. ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ಕನ್ನಡಕ ಹಾಕಿಕೊಂಡು, ಕಾರ್ಡನ್ನು ಬೆಳಕಿಗೆ ಹಿಡಿದರು.

ಮಾಸ್ತರ: ತಿಂಗಳಿಗೊಂದು ಕಾರ್ಡು, ಅಕ್ಕೋರೇ. ಶಾಲೆಯಿರುವ ದಿನಕ್ಕೊಂದು ಚೌಕ. ಮಗು ಮನೆಯಿಂದ ನಡೆದು ಬಂದರೆ ಗೇಟಿನಲ್ಲಿ ಒಂದು ಮುದ್ರೆ. ಮುದ್ರೆಯಲ್ಲಿ ಮಂಗಟ್ಟೆ ಹಕ್ಕಿಯಿದೆ, ನಮ್ಮ ಚಿತ್ರಕಲೆ ಮಾಸ್ತರು ಬರೆದುಕೊಟ್ಟಿದ್ದು. ಹತ್ತು ಮುದ್ರೆ ಬಿದ್ದರೆ ಅಂಗಿಗೆ ಚುಚ್ಚಿಕೊಳ್ಳಲು ಬ್ಯಾಡ್ಜು. ಎಲ್ಲಕ್ಕಿಂತ ಹೆಚ್ಚು ಮುದ್ರೆ ಬಿದ್ದ ತರಗತಿಗೆ ತಿಂಗಳ ಕೊನೆಯಲ್ಲಿ ಇನ್ನೊಂದು ಆಟದ ಪೀರಿಯಡ್ಡು. ಆಗಸ್ಟ್ 15ರಂದು ನೀವೇ ಬಂದು ಶುರು ಮಾಡಿಸಬೇಕು.

ಅಕ್ಕೋರು: ಹಕ್ಕಿಯ ಕೊಕ್ಕು ಚೆನ್ನಾಗಿ ಮೂಡಿದೆ. ಆದರೆ ತಮ್ಮಾ, ನಡೆಯುವುದಕ್ಕೆ ಬಹುಮಾನ ಯಾಕೆ? ಉಂಡಿದ್ದಕ್ಕೆ, ಮಲಗಿದ್ದಕ್ಕೆ ಯಾರಾದರೂ ಬಹುಮಾನ ಕೊಡುತ್ತಾರಾ? ನೀನು ನನ್ನ ಶಾಲೆಗೆ ಎಷ್ಟು ದೂರದಿಂದ ಬರುತ್ತಿದ್ದೆ?

ಮಾಸ್ತರ: ಎರಡೂವರೆ ಕಿಲೋಮೀಟರ್. ಗದ್ದೆಯ ಅಂಚಿನ ಮೇಲೆ ಒಂದಿಷ್ಟು, ತೋಟದೊಳಗೆ ಒಂದಿಷ್ಟು, ಆಮೇಲೆ ಬೆಟ್ಟದ ದಾರಿ.

ಅಕ್ಕೋರು: ಆಗ ನಿನಗೆ ಯಾರು ಮುದ್ರೆ ಒತ್ತಿದರು?

ಮಾಸ್ತರ: ಯಾರೂ ಇಲ್ಲ. ನಡೆಯದಿದ್ದರೆ ಶಾಲೆಯೇ ಇರಲಿಲ್ಲವಲ್ಲ! ನನ್ನ ಮಕ್ಕಳ ಪರಿಸ್ಥಿತಿ ಬೇರೆ. ನೀವೊಮ್ಮೆ ಬೆಳಗ್ಗೆ ನಮ್ಮ ಗೇಟಿನ ಎದುರು ಬಂದು ನಿಲ್ಲಿ. ಐದನೆಯ ತರಗತಿಯ ಹುಡುಗ ಒಬ್ಬನಿದ್ದಾನೆ. ಮನೆ ಶಾಲೆಯಿಂದ ಏಳುನೂರು ಮೀಟರ್ ಕೂಡ ಇಲ್ಲ. ದಿನಾ ಅಪ್ಪನ ಸ್ಕೂಟರಿನ ಮುಂಭಾಗದಲ್ಲಿ ನಿಂತು ಬರುತ್ತಾನೆ. ಹಿಂದೆ ಅವನ ತಂಗಿ, ನಡುವೆ ಅಪ್ಪ, ಅಪ್ಪನ ಹೆಗಲಿಗೆ ಎರಡು ಚೀಲ, ಹ್ಯಾಂಡಲ್ಲಿಗೆ ನೀರಿನ ಬಾಟಲಿ. ಸ್ಕೂಟರು ಗೇಟಿನ ಒಳಗೇ ಬಂದು ನಿಲ್ಲಬೇಕು. ಅದೇ ಹುಡುಗನಿಗೆ ಮೈದಾನಕ್ಕೆ ಎರಡು ಸುತ್ತು ಓಡು ಅಂದರೆ, ಮೊದಲನೆಯ ಸುತ್ತಿಗೇ ಪಕ್ಕೆ ಹಿಡಿದುಕೊಂಡು ಕೂತುಬಿಡುತ್ತಾನೆ. ಸೋಮಾರಿ ಅಲ್ಲ ಅವನು. ಕಾಲಿಗೆ ರೂಢಿಯಿಲ್ಲ.

ಅಕ್ಕೋರು: ಪೇಟೆಯ ಮಕ್ಕಳೆಲ್ಲ ಹೀಗೇ ಆಗಿದ್ದಾರಾ?

ಮಾಸ್ತರ: ಪೇಟೆಯದೊಂದೇ ಮಾತಲ್ಲ, ಲೋಕದ ತುಂಬ ಹೀಗೇ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಷ್ಟು ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಅಂಕಿಅಂಶ ನೋಡಿದರೆ, ಶಾಲೆಗೆ ಹೋಗುವ 11ರಿಂದ 17ರ ವಯಸ್ಸಿನವರಲ್ಲಿ ನೂರಕ್ಕೆ 81 ಮಂದಿ ಅಷ್ಟು ಆಡುತ್ತಿರಲಿಲ್ಲ. ನನಗೆ ಸಿಗುವುದು ವಾರಕ್ಕೆ ಎರಡು ಪೀರಿಯಡ್ಡು. ಮಳೆಗಾಲದಲ್ಲಿ ಅದೂ ಗಣಿತದ ಪಾಲು. ನಾನೆಲ್ಲಿಂದ ತರಲಿ ಆ ಅರವತ್ತು ನಿಮಿಷವನ್ನು? ಶಾಲೆಯ ದಾರಿಯಲ್ಲಿ ಹೋಗುತ್ತ ಹತ್ತು, ಬರುತ್ತ ಹತ್ತು ಪುಕ್ಕಟೆ ಬಿದ್ದಿದೆ. ಅದನ್ನು ಎತ್ತಿಕೊಳ್ಳೋಣ ಅಂತ ಈ ಕಾರ್ಡು.

ಅಕ್ಕೋರು: ಅದು ಒಳ್ಳೆಯ ಯೋಚನೆ, ಅದಕ್ಕೆ ನನ್ನ ತಕರಾರಿಲ್ಲ. ಮುದ್ರೆಯಿಂದ ಆ ಕೆಲಸ ಆದೀತಾ ಅನ್ನುವುದೇ ಪ್ರಶ್ನೆ.

ಮಾಸ್ತರ: ಬೇರೆ ಕಡೆ ಮಾಡಿದ್ದಾರೆ. ಇಂಗ್ಲೆಂಡಿನಲ್ಲಿ ಲಿವಿಂಗ್ ಸ್ಟ್ರೀಟ್ಸ್ ಅಂತ ಒಂದು ಸಂಸ್ಥೆಯಿದೆ. ಕಾಲ್ನಡಿಗೆಯವರ ಸಂಘವಾಗಿ 1929ರಲ್ಲೇ ಹುಟ್ಟಿದ್ದು. ಅವರು ಪ್ರಾಥಮಿಕ ಶಾಲೆಗಳಲ್ಲಿ ‘ವಾವ್’ ಅಂತ ಒಂದು ಯೋಜನೆ ನಡೆಸುತ್ತಾರೆ. ತಾನು ಇವತ್ತು ಹೇಗೆ ಬಂದೆ ಅಂತ ಮಗು ತರಗತಿಯಲ್ಲೇ ದಾಖಲು ಮಾಡುತ್ತದೆ. ವಾರಕ್ಕೊಂದು ದಿನವಾದರೂ ನಡೆದು, ತಿಂಗಳಿಡೀ ಹಾಗೆ ಮಾಡಿದ ಮಗುವಿಗೆ ಆ ತಿಂಗಳ ಬ್ಯಾಡ್ಜು. ವರ್ಷಕ್ಕೆ 11 ಬ್ಯಾಡ್ಜು, ಒಂದೊಂದಕ್ಕೆ ಒಂದೊಂದು ಚಿತ್ರ. ಎಲ್ಲ ಕೂಡಿಸುವ ಹುಚ್ಚಿಗೆ ಮಕ್ಕಳೇ ಅಪ್ಪ ಅಮ್ಮನ ಕೈ ಹಿಡಿದೆಳೆಯುತ್ತಾರೆ. ನನಗೆ ಬೇಕಾಗಿರುವುದು ಆ ಎಳೆತ.

ಅಕ್ಕೋರು: ಅದೇ ಇಂಗ್ಲೆಂಡಿನಲ್ಲಿ ಮಕ್ಕಳು ನಡೆಯುವುದನ್ನು ಬಿಟ್ಟಿದ್ದು ಯಾಕೆ? ಅದನ್ನೂ ಓದಿದ್ದೀಯಾ?

ಮಾಸ್ತರ: ಓದಿದ್ದೇನೆ. ಮೇಯರ್ ಹಿಲ್‌ಮನ್ ಮತ್ತು ಸಂಗಡಿಗರು 1990ರಲ್ಲಿ ‘ಒನ್ ಫಾಲ್ಸ್ ಮೂವ್’ ಅನ್ನುವ ಅಧ್ಯಯನ ತಂದರು. 1971ರಲ್ಲಿ ಅಲ್ಲಿನ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರ ಹೊತ್ತಿಗೆ ಅದು 9ಕ್ಕೆ ಇಳಿದಿತ್ತು. ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ ಎಂದು ಸರ್ಕಾರ ಸಮಾಧಾನ ಪಡುತ್ತಿತ್ತು. ರಸ್ತೆ ಸುಧಾರಿಸಿದ್ದರಿಂದ ಹಾಗಾಗಲಿಲ್ಲ, ಮಕ್ಕಳನ್ನು ರಸ್ತೆಗೇ ಬಿಡದ್ದರಿಂದ ಆಯಿತು ಅಂತ ಇವರು ತೋರಿಸಿಕೊಟ್ಟರು.

ಅಕ್ಕೋರು: ಅಂದ ಮೇಲೆ ನಿನ್ನ ಬಾಯಲ್ಲೇ ನನ್ನ ಮಾತು ಬಂತಲ್ಲ. ಹತ್ತೊಂಬತ್ತು ವರ್ಷದಲ್ಲಿ ಮಕ್ಕಳ ಕಾಲಿಗೆ ಏನೂ ಆಗಿರಲಿಲ್ಲ. ವಾಹನ ಹೆಚ್ಚಿತು, ಹೆತ್ತವರ ಎದೆಗೆ ಭಯ ಹೊಕ್ಕಿತು. ಆ ಸ್ಕೂಟರಿನ ಅಪ್ಪನೂ ಹೆದರಿದ್ದಾನೆ, ಪಾಪ. ಟಿಪ್ಪರು, ಬಸ್ಸು, ಹಾರ್ನು ಹಾಕುತ್ತ ನುಗ್ಗುವ ಬೈಕು. ಇವುಗಳ ನಡುವೆ ಹತ್ತು ವರ್ಷದ ಮಗನನ್ನು ಬಿಡಲಿಕ್ಕೆ ಅವನಿಗೆ ಧೈರ್ಯ ಇಲ್ಲ. ನಿನ್ನ ಮುದ್ರೆ ಮಗನ ಕಾರ್ಡಿನ ಮೇಲೆ ಬೀಳುತ್ತದೆ. ಅಪ್ಪನ ಭಯದ ಮೇಲೆ ಯಾವ ಮುದ್ರೆ ಒತ್ತುತ್ತೀ?

ಮಾಸ್ತರ: ಭಯಕ್ಕೆ ಮದ್ದು ನಾಲ್ಕು ಜನ ಒಟ್ಟಿಗೆ ನಡೆಯುವುದು. ಒಬ್ಬ ನಡೆದರೆ ಭಯ, ನಲವತ್ತು ಮಕ್ಕಳು ಸಾಲಾಗಿ ನಡೆದರೆ ಬಸ್ಸಿನ ಡ್ರೈವರೇ ಬ್ರೇಕು ಒತ್ತುತ್ತಾನೆ. ಆ ನಲವತ್ತು ಮಕ್ಕಳನ್ನು ರಸ್ತೆಗೆ ತರಲಿಕ್ಕೆ ನನಗೆ ಏನಾದರೊಂದು ನೆಪ ಬೇಕು.

ಅಕ್ಕೋರು: ನೆಪ ತಂದ ಮೇಲೆ ಅದೇ ಮುಖ್ಯವಾಗಿಬಿಡುತ್ತದೆ ಅನ್ನುವುದೇ ನನ್ನ ಹೆದರಿಕೆ. ನನ್ನ ಅಕ್ಕನ ಮೊಮ್ಮಗಳು ಬಿ.ಎಡ್. ಓದುತ್ತಿದ್ದಾಳೆ. ಪರೀಕ್ಷೆಗೆ ಓದಿಕೊಳ್ಳುವಾಗ ಒಂದು ಪ್ರಯೋಗದ ವಿಷಯ ಹೇಳಿದಳು. ಅಮೆರಿಕದಲ್ಲಿ 1973ರಲ್ಲಿ ಪ್ರಕಟವಾದದ್ದು. ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂವರು ಸೇರಿ ಮಾಡಿದ್ದು. ಶಿಶುವಿಹಾರದ ಮಕ್ಕಳು, ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟ. ಒಂದಿಷ್ಟು ಮಕ್ಕಳಿಗೆ ಚಿತ್ರ ಬರೆದರೆ ಬಂಗಾರದ ಬಣ್ಣದ ಮುದ್ರೆ, ರಿಬ್ಬನ್ನು ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಅಂದರು, ಕೊಟ್ಟರು. ಕೆಲವು ದಿನ ಬಿಟ್ಟು ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರೆ, ಬಹುಮಾನದ ಆಸೆಗೆ ಬರೆದ ಮಕ್ಕಳು ಅವನ್ನು ಹಿಡಿದದ್ದು ಉಳಿದವರ ಹೆಚ್ಚು ಕಡಿಮೆ ಅರ್ಧದಷ್ಟು ಹೊತ್ತು ಮಾತ್ರ. ಸುಮ್ಮನೆ ಮಾಡುತ್ತಿದ್ದ ಕೆಲಸಕ್ಕೆ ಕೂಲಿ ಕೊಟ್ಟರೆ, ಕೂಲಿ ನಿಂತ ದಿನ ಕೆಲಸವೂ ನಿಲ್ಲುತ್ತದೆ ತಮ್ಮಾ.

ಮಾಸ್ತರ: ಆ ಪ್ರಯೋಗ ನನಗೂ ಗೊತ್ತು ಅಕ್ಕೋರೇ. ಅದರಲ್ಲೇ ಇನ್ನೊಂದು ಗುಂಪಿತ್ತು. ಅವರಿಗೆ ಮೊದಲು ಏನೂ ಹೇಳದೆ, ಚಿತ್ರ ಬರೆದಾದ ಮೇಲೆ ಅದೇ ಪ್ರಶಸ್ತಿ ಕೊಟ್ಟರು. ಆ ಮಕ್ಕಳ ಆಸಕ್ತಿ ಒಂಚೂರೂ ಇಳಿಯಲಿಲ್ಲ. ಮತ್ತೆ, ಅವರು ಆರಿಸಿಕೊಂಡಿದ್ದೇ ಚಿತ್ರ ಬರೆಯುವ ಪ್ರೀತಿ ಇದ್ದ ಮಕ್ಕಳನ್ನು. ನನ್ನ ಸ್ಕೂಟರಿನ ಹುಡುಗನಿಗೆ ನಡಿಗೆಯ ಮೇಲೆ ಪ್ರೀತಿಯೇ ಹುಟ್ಟಿಲ್ಲ. ಇಲ್ಲದ್ದನ್ನು ಕಳೆದುಕೊಳ್ಳುವುದು ಹೇಗೆ? ಮಗು ಮೊದಲ ಸಲ ಹಾಗಲಕಾಯಿ ತಿನ್ನಲಿ ಅಂತ ತಾಯಿ ಅದಕ್ಕೆ ಬೆಲ್ಲ ಹಾಕುತ್ತಾಳೆ. ಮುಂದೆ ಅದೇ ಮಗು ದೊಡ್ಡವನಾಗಿ ಹಾಗಲಕಾಯಿ ಗೊಜ್ಜು ಕೇಳಿ ಹಾಕಿಸಿಕೊಳ್ಳುತ್ತಾನೆ.

ಅಕ್ಕೋರು: ಹಾಗಿದ್ದರೆ ಬ್ಯಾಡ್ಜನ್ನು ಹೇಳದೆ ಕೊಡು. ‘ಹತ್ತು ಮುದ್ರೆಗೆ ಒಂದು ಬ್ಯಾಡ್ಜು’ ಅಂತ ಕಾರ್ಡಿನ ಮೇಲೆ ಅಚ್ಚು ಹಾಕಿಸಬೇಡ.

ಮಾಸ್ತರ: ಹೇಳದಿದ್ದರೆ ಮೊದಲ ದಿನ ಅವನು ಸ್ಕೂಟರಿನಿಂದ ಇಳಿಯುವುದು ಯಾಕೆ?

ಅಕ್ಕೋರು ಉತ್ತರ ಹೇಳಲಿಲ್ಲ. ಎದುರಿನಿಂದ ಸಂಜೆಯ ಟ್ಯೂಷನ್ನಿಗೆ ಹೊರಟ ಮಕ್ಕಳನ್ನು ತುಂಬಿಕೊಂಡ ಆಟೋ ಕೆಸರು ಹಾರಿಸುತ್ತ ಬಂತು. ಇಬ್ಬರೂ ಬದಿಗೆ ಸರಿದು ನಿಂತರು. ಆಟೋ ದಾಟಿದ ಮೇಲೆ ಅಕ್ಕೋರು ಸೀರೆಯ ನಿರಿಗೆಯನ್ನು ಸ್ವಲ್ಪ ಎತ್ತಿ ಹಿಡಿದು ಮತ್ತೆ ನಡೆದರು.

ಅಕ್ಕೋರು: ಇನ್ನೊಂದು ಮಾತು ಕೇಳುತ್ತೇನೆ. ಹೆಜ್ಜೆ ಎಣಿಸುವ ಗಡಿಯಾರ ಕಟ್ಟುವುದೇನೂ ಇಲ್ಲ ತಾನೇ? ಹತ್ತು ಸಾವಿರ ಹೆಜ್ಜೆ ಅಂತ ನಮ್ಮ ಬೀದಿಯ ಗಂಡಸರು ರಾತ್ರಿ ಊಟದ ಮೇಲೆ ಜಗುಲಿಯಲ್ಲೇ ಅತ್ತಿಂದಿತ್ತ ಓಡಾಡಿ ಲೆಕ್ಕ ತುಂಬಿಸುತ್ತಾರೆ.

ಮಾಸ್ತರ: ಶಾಲೆಯ ಮೀಟಿಂಗಿನಲ್ಲಿ ಆ ಮಾತೂ ಬಂತು, ನಾನೇ ಬೇಡವೆಂದೆ. ಹತ್ತು ಸಾವಿರ ಅನ್ನುವುದು ಮಕ್ಕಳಿಗಾಗಿ ಯಾವ ವೈದ್ಯರೂ ಅಳೆದು ಕೊಟ್ಟ ಸಂಖ್ಯೆಯಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಾಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರ ಮಾರಿತು. ಅದರ ಹೆಸರೇ ‘ಮಾನ್‌ಪೋ ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೆಸರು ಲೋಕದ ತುಂಬ ನಿಯಮವಾಗಿ ಉಳಿಯಿತು. ಮಕ್ಕಳ ಕೈಗೆ ಗಡಿಯಾರ ಕಟ್ಟಿದರೆ ಅವರು ಕೂತಲ್ಲೇ ಕೈ ಬೀಸಿ ಹೆಜ್ಜೆ ಮಾಡಿಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಮಾತೆಂದರೆ, ಮಗು ಎಲ್ಲಿ ಹೋಯಿತು, ಎಲ್ಲಿ ನಿಂತಿತು ಅನ್ನುವುದೆಲ್ಲ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಕೂರುತ್ತದೆ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದು 2023ರಲ್ಲಿ ಬಂದ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ಚಲನವಲನದ ಬೆನ್ನು ಹತ್ತುವುದಕ್ಕೆ ಕಡಿವಾಣ ಹಾಕುತ್ತದೆ. ರಟ್ಟಿನ ಕಾರ್ಡು, ಶಾಯಿಯ ಮುದ್ರೆ, ಅಷ್ಟೇ ಸಾಕು ಅಂದೆ.

ಅಕ್ಕೋರು: ಅದು ನನಗೆ ಸಮಾಧಾನ ತಂದಿತು. ಯಾಕೆಂದರೆ ನನ್ನ ಮನಸ್ಸಿನ ತಕರಾರು ಅಲ್ಲೇ ಇತ್ತು. ನೀನು, ನಿನ್ನ ಕೇರಿಯ ಆ ಏಳೆಂಟು ಮಕ್ಕಳು ಮನೆಯಿಂದ ಶಾಲೆಗೆ ಬರುವ ಮುಕ್ಕಾಲು ತಾಸು ನಿಮ್ಮನ್ನು ಯಾರೂ ನೋಡುತ್ತಿರಲಿಲ್ಲ. ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ನಾನು; ನಡುವಿನ ದಾರಿ ನಿಮ್ಮದು. ಜೂನಿನಲ್ಲಿ ನೇರಳೆ ತಿಂದು ನೀಲಿ ನಾಲಿಗೆ ಮಾಡಿಕೊಂಡು ಬರುತ್ತಿದ್ದಿರಿ. ಉಂಬಳ ಕಚ್ಚಿಸಿಕೊಂಡು, ಕಾಲಿಗೆ ಸುಣ್ಣ ಹಚ್ಚಿಕೊಂಡು ಬರುತ್ತಿದ್ದಿರಿ. ದಣಪೆಯ ಹತ್ತಿರ ಜಗಳ ಶುರುವಾದರೆ ಶಾಲೆ ಮುಟ್ಟುವ ಮೊದಲು ರಾಜಿಯಾಗಿರುತ್ತಿತ್ತು, ನನ್ನವರೆಗೆ ಬರುತ್ತಿರಲಿಲ್ಲ. ರಾಜಿ ಮಾಡಿಕೊಳ್ಳುವುದನ್ನು ನಾನು ಯಾವ ಪಾಠದಲ್ಲೂ ಕಲಿಸಲಿಲ್ಲ, ಆ ದಾರಿ ಕಲಿಸಿತು. ಈಗಿನ ಮಕ್ಕಳಿಗೆ ದೊಡ್ಡವರ ಕಣ್ಣು ಬೀಳದ ಹೊತ್ತು ದಿನದಲ್ಲಿ ಐದು ನಿಮಿಷವೂ ಇಲ್ಲ. ಉಳಿದ ಅಷ್ಟಕ್ಕೂ ಚೌಕ ಹಾಕಬೇಡ.

ಮಾಸ್ತರ: ಗೇಟಿನ ಮುದ್ರೆಗೆ ಗೊತ್ತಾಗುವುದು ಮಗು ನಡೆದು ಬಂತು ಅನ್ನುವುದೊಂದೇ. ದಾರಿಯಲ್ಲಿ ನೇರಳೆ ತಿಂದಿತೋ, ಜಗಳವಾಡಿತೋ ಅದು ಕೇಳುವುದಿಲ್ಲ. ಆದರೆ ಅಕ್ಕೋರೇ, ನೀವು ಆ ದಾರಿಯನ್ನು ಈಗ ಚೆಂದ ಮಾಡಿ ಹೇಳುತ್ತಿದ್ದೀರಿ. ಹಳ್ಳದ ಕಾಲುಸಂಕ ನೆನಪಿಲ್ಲವಾ?

ಅಕ್ಕೋರು: ಮರೆಯುವುದುಂಟಾ!

ಮಾಸ್ತರ: ಎರಡು ಅಡಿಕೆ ಮರ ಅಡ್ಡ ಹಾಕಿ, ಬದಿಗೊಂದು ಬಿದಿರ ಗಳ ಕಟ್ಟಿದ್ದರು. ಮಳೆಗಾಲದಲ್ಲಿ ಮರದ ಮೇಲೆ ಪಾಚಿ ಹಿಡಿದು ಬೆಣ್ಣೆ ಸವರಿದ ಹಾಗೆ ಜಾರುತ್ತಿತ್ತು. ಚಪ್ಪಲಿ ಬಿಚ್ಚಿ ಪಾಟಿಚೀಲಕ್ಕೆ ತುರುಕಿ, ಹೆಬ್ಬೆರಳನ್ನು ಎರಡು ಮರದ ನಡುವಿನ ಸಂದಿಗೆ ಊರಿ, ಅಡ್ಡಡ್ಡ ಸರಿಯಬೇಕು. ಕೆಳಗೆ ಕೆಂಪು ನೀರು. ಅದನ್ನೇ ನೋಡುತ್ತಿದ್ದರೆ ನೀರು ನಿಂತು, ಸಂಕವೇ ಮೇಲಕ್ಕೆ ಓಡುತ್ತಿದೆ ಅನ್ನಿಸುತ್ತಿತ್ತು. ನೀವು ಆಚೆ ದಡದಲ್ಲಿ ನಿಂತು ‘ನೀರು ನೋಡಬೇಡ, ನನ್ನ ಮುಖ ನೋಡು’ ಅನ್ನುತ್ತಿದ್ದಿರಿ.

ಅಕ್ಕೋರು: ದಿನಾ ಹೋಗಿ ನಿಲ್ಲುತ್ತಿದ್ದೆ. ಕೊನೆಯ ಮಗು ದಾಟುವ ತನಕ ನನ್ನ ಉಸಿರು ನನ್ನದಾಗಿರುತ್ತಿರಲಿಲ್ಲ. ಈಗಲೂ ಮಳೆಗಾಲ ಬಂದರೆ ಸಂಕದಿಂದ ಜಾರಿದ ಮಕ್ಕಳ ಸುದ್ದಿಯನ್ನು ಪೇಪರಿನಲ್ಲಿ ಓದಲಿಕ್ಕೆ ಕೈ ನಡುಗುತ್ತದೆ. ಕಾಲುಸಂಕದ ಜಾಗದಲ್ಲಿ ಕಿರುಸೇತುವೆ ಕಟ್ಟಲು ಸರ್ಕಾರ ‘ಶಾಲಾ ಸಂಪರ್ಕ ಸೇತು’ ಅಂತ ಯೋಜನೆ ಮಾಡಿತು, ಎಷ್ಟೋ ಕಡೆ ಕಟ್ಟಿದ್ದೂ ಆಯಿತು. ಹಾಗಿದ್ದರೂ ಘಟ್ಟದ ಒಳಗಿನ ಮಕ್ಕಳು ಇವತ್ತಿಗೂ ಮೈಲಿಗಟ್ಟಲೆ ನಡೆಯುತ್ತಿದ್ದಾರೆ. ನಿನ್ನ ಪೇಟೆಯ ಹುಡುಗ ಏಳುನೂರು ಮೀಟರ್ ನಡೆದರೆ ಬ್ಯಾಡ್ಜು. ಆ ಮಕ್ಕಳಿಗೆ?

ಮಾಸ್ತರ: ಆ ಮಕ್ಕಳಿಗೆ ಬ್ಯಾಡ್ಜು ಬೇಡ, ಬಸ್ಸು ಬೇಕು. ನಡೆದರೆ ಮೈಗೆ ಒಳ್ಳೆಯದು ಅಂತ ಅವರ ಎದುರು ಹೇಳಿದರೆ ಅದು ಕ್ರೌರ್ಯ. ನಡಿಗೆ ಎಲ್ಲರಿಗೂ ಒಂದೇ ಅಲ್ಲ, ಅದನ್ನು ನಾನು ಒಪ್ಪುತ್ತೇನೆ. 1ರಿಂದ 5ನೆಯ ತರಗತಿಯ ಮಗುವಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳೇ ಹೇಳುತ್ತವೆ. ಅದಕ್ಕಿಂತ ದೂರ ನಡೆಯುವುದು ಆರೋಗ್ಯದ ಲೆಕ್ಕಕ್ಕೆ ಬರುವುದಿಲ್ಲ. ಈಗ ನಾನೊಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ತರಗತಿಯಲ್ಲಿ ಏಳನೆಯದಕ್ಕೆ ನಿಂತ ಹುಡುಗಿಯರು ಎಷ್ಟು ಜನ?

ಅಕ್ಕೋರು: ಹನ್ನೊಂದರಲ್ಲಿ ಆರು. ಹೈಸ್ಕೂಲು ಎಂಟು ಕಿಲೋಮೀಟರ್ ದೂರ. ಹೆಣ್ಣುಮಗಳನ್ನು ಅಷ್ಟು ದೂರ ಕಾಡು ದಾರಿಯಲ್ಲಿ ಕಳಿಸುವುದಿಲ್ಲ ಅಂದರು. ನಾನು ಮನೆಮನೆಗೆ ಹೋಗಿ ಕೇಳಿದೆ. ಒಬ್ಬಳಂತೂ ಒಳಕೋಣೆಯ ಬಾಗಿಲಿನ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಕಾಲ್ಬೆರಳು ಮಾತ್ರ ಹೊಸ್ತಿಲ ಹತ್ತಿರ ಕಾಣುತ್ತಿತ್ತು. ಅವಳ ಅಪ್ಪ ಕೊನೆಗೂ ಹ್ಞೂಂ ಅನ್ನಲಿಲ್ಲ.

ಮಾಸ್ತರ: ನನ್ನ ತಂಗಿ ನಿಲ್ಲಲಿಲ್ಲ. ಯಾಕೆಂದರೆ ಅವಳ ಹೊತ್ತಿಗೆ ಸೈಕಲ್ ಬಂದಿತ್ತು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತು, ಮುಂದೆ ಹುಡುಗರಿಗೂ ಕೊಟ್ಟಿತು. ಕೈಗೊಂದು ವಸ್ತು ಕೊಟ್ಟರೆ ಮಕ್ಕಳ ದಾರಿ ಬದಲಾಗುತ್ತದೆ ಅನ್ನುವುದಕ್ಕೆ ನನ್ನ ತಂಗಿಯೇ ಸಾಕ್ಷಿ.

ಅಕ್ಕೋರು: ಸಾಕ್ಷಿ ಸರಿ. ಆದರೆ ಆ ಸೈಕಲ್ಲನ್ನು ಬಹುಮಾನ ಅಂತ ಕೊಟ್ಟರಾ? ‘ಹತ್ತು ದಿನ ನಡೆದು ತೋರಿಸು, ಆಮೇಲೆ ಸೈಕಲ್ಲು’ ಅಂದರಾ? ಮೊದಲೇ ಕೊಟ್ಟರು, ಎಲ್ಲರಿಗೂ ಕೊಟ್ಟರು. ಹೋಗಲಿಕ್ಕೆ ಅನುಕೂಲ ಮಾಡಿಕೊಟ್ಟರು, ಮಕ್ಕಳು ಹೋದರು. ನಿನ್ನ ಬ್ಯಾಡ್ಜು ಹೋದವರಿಗೆ ಮಾತ್ರ ಸಿಗುವಂಥದ್ದು. ಬಹುಮಾನಕ್ಕೂ ಸವಲತ್ತಿಗೂ ವ್ಯತ್ಯಾಸ ಇದೆ. ಇನ್ನೊಂದು, ತರಗತಿ ತರಗತಿಗೆ ಸ್ಪರ್ಧೆ ಅಂದೆಯಲ್ಲ, ನಿನ್ನ ಸಂಗಡ ಕಾಲು ಎಳೆದು ನಡೆಯುವ ಒಬ್ಬಳಿದ್ದಳು, ನೆನಪಿದೆಯಾ?

ಮಾಸ್ತರ: ಇದೆ. ಅವಳು ಅರ್ಧ ತಾಸು ಮೊದಲೇ ಮನೆಯಿಂದ ಹೊರಡುತ್ತಿದ್ದಳು. ನಾವು ದಣಪೆಯ ಹತ್ತಿರ ಅವಳನ್ನು ಸೇರಿಕೊಳ್ಳುತ್ತಿದ್ದೆವು.

ಅಕ್ಕೋರು: ಸೇರಿಕೊಂಡ ಮೇಲೆ ಎಲ್ಲರೂ ಅವಳ ನಡಿಗೆಗೆ ನಡೆಯುತ್ತಿದ್ದಿರಿ. ಅದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ನಿಮ್ಮ ಕಾರ್ಡಿನ ಮೇಲೆ ತರಗತಿಯ ಲೆಕ್ಕ ಇದ್ದಿದ್ದರೆ ಏನಾಗುತ್ತಿತ್ತು? ‘ಇವಳಿಂದ ನಮ್ಮ ಪೀರಿಯಡ್ಡು ಹೋಯಿತು’ ಅಂತ ಯಾರೋ ಒಬ್ಬ ಅನ್ನುತ್ತಿದ್ದ. ಆ ಮಾತು ಅವಳ ಕಿವಿಗೆ ಬಿದ್ದೇ ಬೀಳುತ್ತಿತ್ತು.

ಮಾಸ್ತರ ಕಾರ್ಡನ್ನು ಅವರ ಕೈಯಿಂದ ತೆಗೆದುಕೊಂಡ. ಕಿಸೆಯಿಂದ ಪೆನ್ನು ತೆಗೆದು, ಕೊನೆಯ ಸಾಲನ್ನು ಹೊಡೆದುಹಾಕಿದ.

ಮಾಸ್ತರ: ಸ್ಪರ್ಧೆ ಬೇಡ. ಇದನ್ನು ನಾನು ಯೋಚಿಸಿರಲಿಲ್ಲ. ಆದರೆ ವ್ಯಾನಿನಲ್ಲಿ ಬರುವ ಮಕ್ಕಳನ್ನು ಹೊರಗಿಡಬಾರದು ಅಂತ ಒಂದು ದಾರಿ ಹುಡುಕಿದ್ದೇನೆ. ಹದಿನಾಲ್ಕು ಕಿಲೋಮೀಟರ್ ದೂರದಿಂದ ಬರುವ ಮಗುವಿಗೆ ನಡೆದು ಬಾ ಅನ್ನಲಾಗುವುದಿಲ್ಲ. ವ್ಯಾನುಗಳು ಶಾಲೆಯಿಂದ ಮುಕ್ಕಾಲು ಕಿಲೋಮೀಟರ್ ಈಚೆಗೇ ನಿಲ್ಲಲಿ, ಅಲ್ಲಿಂದ ಎಲ್ಲರೂ ಒಟ್ಟಿಗೆ ನಡೆಯಲಿ. ಇಂಗ್ಲೆಂಡಿನ ಯೋಜನೆಯಲ್ಲೂ ವಾಹನವನ್ನು ದೂರ ನಿಲ್ಲಿಸಿ ಹತ್ತು ನಿಮಿಷ ನಡೆದರೆ ಅದೂ ನಡಿಗೆಯ ಲೆಕ್ಕಕ್ಕೆ ಬರುತ್ತದೆ. ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು, ನಡುವೆ ಮಕ್ಕಳ ಸಾಲು. ಇದಕ್ಕೆ ‘ನಡೆಯುವ ಬಸ್ಸು’ ಅಂತಲೇ ಹೆಸರು. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ ಅನ್ನುವವರು ಈ ಯೋಚನೆ ಕೊಟ್ಟರು. 1998ರಲ್ಲಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನಲ್ಲಿ ಶುರುವಾಯಿತು. ಜಪಾನಿನಲ್ಲಂತೂ ಕೇರಿಯ ಮಕ್ಕಳು ದೊಡ್ಡ ತರಗತಿಯವರ ಹಿಂದೆ ಸಾಲಾಗಿ ಶಾಲೆಗೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಒಂದನೆಯ ತರಗತಿಯವರಿಗೆ ದೂರದಿಂದಲೇ ಕಾಣುವ ಹಳದಿ ಟೊಪ್ಪಿ.

ಅಕ್ಕೋರು: ಇದು ಮನಸ್ಸಿಗೆ ಬಂತು. ಇದರಲ್ಲಿ ಜೊತೆ ಇದೆ. ಜೊತೆಯಿದ್ದರೆ ಮಗು ಕೇಳದೆಯೇ ನಡೆಯುತ್ತದೆ. ಆದರೆ ಆ ಚೀಲ? ನಿನ್ನ ಮಕ್ಕಳ ಚೀಲ ನಾನು ಎತ್ತಿ ನೋಡಿದ್ದೇನೆ. ಅಡಿಕೆ ಮೂಟೆಯ ಹಾಗಿರುತ್ತದೆ.

ಮಾಸ್ತರ: ಒಂದು, ಎರಡನೆಯ ತರಗತಿಯವರಿಗೆ ಒಂದೂವರೆಯಿಂದ ಎರಡು ಕಿಲೋ ಮೀರಬಾರದು ಅಂತ ನಮ್ಮ ರಾಜ್ಯದ ಸುತ್ತೋಲೆಯೇ ಇದೆ. ಪಾಲಿಸುವುದು ಕಡಿಮೆ. ಅದಕ್ಕೇ ನಾನು ಈ ನಡೆಯುವ ಬಸ್ಸನ್ನು ಮೂರನೆಯ ಶನಿವಾರದಿಂದ ಶುರು ಮಾಡೋಣ ಅಂತಿದ್ದೇನೆ. ಸರ್ಕಾರಿ ಶಾಲೆಗಳಲ್ಲಿ ಅದು ಬ್ಯಾಗಿಲ್ಲದ ದಿನ, ಸಂಭ್ರಮ ಶನಿವಾರ. ನಮ್ಮಲ್ಲೂ ಅವತ್ತು ಚೀಲ ಬೇಡ ಅಂತ ಹೆಡ್‌ಮಾಸ್ತರರನ್ನು ಒಪ್ಪಿಸಿದ್ದೇನೆ. ಕೈ ಬೀಸಿಕೊಂಡು ನಡೆಯಲಿ.

ಅಕ್ಕೋರು: ತಮ್ಮಾ, ಕಾರ್ಡಿನ ಹಿಂಬದಿ ಖಾಲಿ ಇದೆಯಲ್ಲ. ಅಲ್ಲಿ ಏನು ಹಾಕಿಸುತ್ತೀ?

ಮಾಸ್ತರ: ಶಾಲೆಯ ಹೆಸರು, ಕಾರ್ಡಿನ ಖರ್ಚು ಕೊಟ್ಟವರ ಜಾಹೀರಾತು.

ಅಕ್ಕೋರು: ಜಾಹೀರಾತು ಬೇಡ. ಆ ಬದಿ ಮಕ್ಕಳಿಗೆ ಬಿಡು. ಮುಂಬದಿಯಲ್ಲಿ ಶಾಲೆ ಮಗುವಿನ ಲೆಕ್ಕ ಇಡುತ್ತದೆ. ಹಿಂಬದಿಯಲ್ಲಿ ಮಗು ದಾರಿಯ ಲೆಕ್ಕ ಇಡಲಿ. ಎಲ್ಲಿ ಚರಂಡಿಯ ಚಪ್ಪಡಿ ಹೋಗಿದೆ, ಎಲ್ಲಿ ಫುಟ್‌ಪಾತಿನ ಮೇಲೆ ಬೈಕು ನಿಂತಿದೆ, ಎಲ್ಲಿ ನಾಯಿಯ ಹೆದರಿಕೆ, ಎಲ್ಲಿ ರಸ್ತೆ ದಾಟಲಿಕ್ಕೆ ಕಾದು ಕಾದು ಬೆಲ್ಲಾಯಿತು. ನಡೆಯದೆ ಇದ್ದ ದಿನ ಯಾಕೆ ನಡೆಯಲಿಲ್ಲ ಅಂತಲೂ ಬರೆಯಲಿ. ಹಾಗೆ ಬರೆದವನಿಗೂ ಮುದ್ರೆ ಒತ್ತು.

ಮಾಸ್ತರ: ಫುಟ್‌ಪಾತಿಗೆ ಅಳತೆಯೇ ಇದೆ ಅಕ್ಕೋರೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್, ಅಂದರೆ ಹೆಚ್ಚು ಕಡಿಮೆ ಆರು ಅಡಿ. ಗಣಿತದ ಪೀರಿಯಡ್ಡಿನಲ್ಲಿ ಟೇಪು ಕೊಟ್ಟು ಮಕ್ಕಳಿಂದಲೇ ಅಳೆಸಬಹುದು. ಪಿ.ಟಿ. ಪೀರಿಯಡ್ಡು ಕಿತ್ತುಕೊಂಡ ಗಣಿತದವರು ಅಷ್ಟಾದರೂ ಮಾಡಲಿ.

ಅಕ್ಕೋರು: ಅಳೆದದ್ದನ್ನೆಲ್ಲ ಒಟ್ಟು ಮಾಡಿ ನಗರಸಭೆಗೆ ಕೊಡಿ. ಮುನ್ನೂರು ಮಕ್ಕಳು ಒಂದೇ ಗುಂಡಿಯನ್ನು ಬರೆದಿದ್ದರೆ ಆ ಗುಂಡಿಯನ್ನು ಕಂಡಿಲ್ಲ ಅನ್ನಲಿಕ್ಕೆ ಯಾರಿಗೂ ಬಾರದು. ಒಂದು ಜೀಬ್ರಾ ಪಟ್ಟೆ ಬಿದ್ದರೂ ಸಾಕು, ಅದು ಆ ಮಕ್ಕಳ ಬ್ಯಾಡ್ಜು. ಕಾಲುಸಂಕದ ಹತ್ತಿರ ನಾನು ಮೂವತ್ತು ಮಳೆಗಾಲ ನಿಂತೆ. ಹದಿನಾಲ್ಕು ಅರ್ಜಿ ಬರೆದೆ, ಎಲ್ಲವನ್ನೂ ನಾನೇ ಬರೆದೆ. ದಾಟುವ ಮಕ್ಕಳ ಕೈಯಲ್ಲಿ ಬರೆಸಬೇಕು ಅಂತ ಆಗ ಹೊಳೆಯಲಿಲ್ಲ.

ಮಾಸ್ತರ: ಒಪ್ಪಿದೆ. ಹಿಂಬದಿ ಮಕ್ಕಳಿಗೆ. ಆದರೆ ಅಕ್ಕೋರೇ, ನಿಮ್ಮ ಹದಿನಾಲ್ಕು ಅರ್ಜಿಗೆ ಸೇತುವೆ ಬಂದದ್ದು ಯಾವಾಗ?

ಅಕ್ಕೋರು: ನಾನು ನಿವೃತ್ತಳಾದ ಮೇಲೆ.

ಮಾಸ್ತರ: ಅಷ್ಟು ಹೊತ್ತು ನನ್ನ ಹುಡುಗನಿಗಿಲ್ಲ. ಅವನು ಈಗ ಐದನೆಯ ತರಗತಿ. ನಗರಸಭೆ ಟೆಂಡರು ಕರೆದು, ಚಪ್ಪಡಿ ಹಾಕಿಸುವ ಹೊತ್ತಿಗೆ ಅವನ ತುಟಿಯ ಮೇಲೆ ಮೀಸೆ ಬಂದು, ಕೈಗೆ ಬೈಕಿನ ಕೀಲಿ ಬಂದಿರುತ್ತದೆ. ದಾರಿ ಸರಿಯಾಗುವ ತನಕ ಕಾಯಿ ಅಂದರೆ ಒಂದು ತಲೆಮಾರು ಕೂತೇ ಕಳೆಯುತ್ತದೆ. ಅವನು ಈ ಆಗಸ್ಟಿನಲ್ಲಿ ನಡೆಯಬೇಕು. ಅದಕ್ಕೆ ಮುಂಬದಿಯ ಮಂಗಟ್ಟೆ ಬೇಕೇ ಬೇಕು.

ಅಕ್ಕೋರು: ಅವನು ಹತ್ತು ಮುದ್ರೆ ಆದ ಮೇಲೆ ಹನ್ನೊಂದನೆಯ ದಿನ ಮತ್ತೆ ಸ್ಕೂಟರು ಹತ್ತಿದರೆ?

ಮಾಸ್ತರ: ಹತ್ತಬಹುದು. ಆದರೆ ಆ ಹತ್ತು ದಿನದಲ್ಲಿ ಅವನಿಗೊಬ್ಬ ಗೆಳೆಯ ಸಿಕ್ಕಿರುತ್ತಾನೆ, ದಾರಿಯಲ್ಲೊಂದು ಪೇರಲ ಮರ ಕಂಡಿರುತ್ತದೆ. ಹನ್ನೊಂದನೆಯ ದಿನ ಅವನನ್ನು ಕರೆಯಲಿಕ್ಕೆ ಅವರಿಬ್ಬರಿದ್ದಾರೆ. ನನ್ನ ನಂಬಿಕೆ ಅದರ ಮೇಲೆ.

ಅಕ್ಕೋರು: ನಂಬಿಕೆ ನಿನ್ನದು, ಅನುಮಾನ ನನ್ನದು. ಉದ್ಘಾಟನೆಗೆ ವೇದಿಕೆ ಹತ್ತಿ ಬ್ಯಾಡ್ಜು ಹಂಚಲಿಕ್ಕೆ ನನ್ನನ್ನು ಕರೆಯಬೇಡ, ಅದು ನನಗೆ ಆಗದು. ಮೂರನೆಯ ಶನಿವಾರ ವ್ಯಾನು ನಿಲ್ಲುವ ಜಾಗ ಹೇಳು. ನಿನ್ನ ನಡೆಯುವ ಬಸ್ಸಿಗೆ ಹಿಂದೊಬ್ಬರು ದೊಡ್ಡವರು ಬೇಕಲ್ಲ, ನಾನು ಬರುತ್ತೇನೆ. ಮೊಣಕಾಲು ನೋವಿದೆ, ನಿಧಾನ ಬರುತ್ತೇನೆ. ನಿನ್ನ ಮಕ್ಕಳು ನನ್ನ ನಡಿಗೆಗೆ ನಡೆಯುತ್ತಾರೋ ಇಲ್ಲವೋ ನೋಡಬೇಕು.

ಮಳೆ ಮತ್ತೆ ಹನಿಯತೊಡಗಿತು. ಇಬ್ಬರೂ ಕೆರೆಯ ಬದಿ ಬಿಟ್ಟು ಮುಖ್ಯ ರಸ್ತೆಗೆ ಬಂದರು. ಅಲ್ಲಿ ಚರಂಡಿಯ ಮೇಲೆ ಎರಡು ಚಪ್ಪಡಿ ಇರಲಿಲ್ಲ. ಯಾರೋ ಗುರುತಿಗೆಂದು ಒಂದು ಹಸಿ ಕೊಂಬೆ ನೆಟ್ಟಿದ್ದರು, ಮಳೆಗೆ ಅದು ಚಿಗುರಿಬಿಟ್ಟಿತ್ತು. ಅಕ್ಕೋರು ಅವನ ಮೊಣಕೈ ಹಿಡಿದುಕೊಂಡು ರಸ್ತೆಗಿಳಿದು, ಹಿಂದಿನಿಂದ ಬಂದ ಬಸ್ಸು ದಾಟುವವರೆಗೆ ನಿಂತು, ಮತ್ತೆ ಫುಟ್‌ಪಾತು ಹತ್ತಿದರು. ಮಾಸ್ತರ ಅಲ್ಲೇ ನಿಂತ. ಕೊಡೆಯ ಅಡಿಯಲ್ಲಿ ಕಾರ್ಡನ್ನು ಮಗುಚಿ, ಖಾಲಿ ಬದಿಯಲ್ಲಿ ಬರೆದ: ‘ದೇವಿಕೆರೆ ತಿರುವು, ಎರಡು ಚಪ್ಪಡಿ ಇಲ್ಲ, ಗಿಡ ಚಿಗುರಿದೆ.’ ಬರೆದು, ಕಾರ್ಡನ್ನು ಅಕ್ಕೋರ ಕೈಗೆ ಕೊಟ್ಟ. ಅವರು ಓದಿ, ಮಗುಚಿ ನೋಡಿದರು. ಮುಂಬದಿಯಲ್ಲಿ ಹೊಡೆದುಹಾಕಿದ ಒಂದು ಸಾಲಿನ ಮೇಲೆ, ‘ಹತ್ತು ಮುದ್ರೆಗೆ ಒಂದು ಬ್ಯಾಡ್ಜು’ ಎಂಬ ಸಾಲು ಹಾಗೇ ಇತ್ತು. ಅದರ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕಾರ್ಡನ್ನು ನೆನೆಯದಂತೆ ಚೀಲದ ಒಳಗಿಟ್ಟುಕೊಂಡು, ಶನಿವಾರ ಎಷ್ಟು ಗಂಟೆಗೆ ಬರಬೇಕೆಂದು ಕೇಳಿದರು.